ಸಿಂಬಿ

ಮೂರು ಕೈ ದಾಟಿ ನನ್ನ ಕೈಗೆ ಬಂದದ್ದು.
ಸ್ಪ್ರಿಂಗಿನ ತೋಳು, ಟೊಳ್ಳು ಕಂಬ,
ಗಂಡಸರ ಎದೆಗೆ ಹೊಲಿದ ಕವಚ,
ತೂಕಕ್ಕೆಂದು ಕಬ್ಬಿಣದ ಬಿಲ್ಲೆ ಆರು.
ಕ್ಯಾಮೆರಾ ನಡುಗದಿರಲೆಂದು ಇಷ್ಟು.
ಒಟ್ಟು ಇಪ್ಪತ್ತೆರಡು ಕಿಲೊ.
ಪೆಟ್ಟಿಗೆ ನನ್ನ ಭುಜದೆತ್ತರ.

ಆಟೋದವರು ನೋಡಿಯೇ ಮುಖ ತಿರುಗಿಸುತ್ತಿದ್ದರು.
ದಾದರಿನಲ್ಲಿ ಪೊಲೀಸಪ್ಪ ಎರಡು ಸಲ ಬಿಚ್ಚಿಸಿದ.
ವಿರಾರ್ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ
ಅದಕ್ಕೆ ಜಾಗವಿಲ್ಲ, ಅದರಿಂದಾಗಿ ನನಗೂ.
ಹಾಗಾಗಿ ಲಗೇಜು ಡಬ್ಬಿ, ಮೀನಿನ ಬುಟ್ಟಿಗಳ ನಡುವೆ,
ನಾಯಗಾಂವಿನಲ್ಲಿ ಹತ್ತುವ ಧುರ್ಪದಾಬಾಯಿಯ ಪಕ್ಕ.
"ಯಾರ ಹೆಣ ಪೋರಿ ಇದು?
ದಿನಾ ಹೊರ್ತೀಯ, ಒಂದು ದಿನಾನೂ ಸುಡೋದಿಲ್ಲ."

ಸಾಕಿನಾಕಾದ ಒಂದು ಗಲ್ಲಿ, ಕೊನೆಯ ಲೇತು.
ಇಂಡಿ ಕಡೆಯ ದಸ್ತಗೀರ ಮಾಮಾ
ನನ್ನ ಹಿಂದಿಯೊಳಗಿನ ಕನ್ನಡ ಹಿಡಿದುಬಿಟ್ಟ.
"ಏನವಾ ಇದು, ಗಿರಣಿ ಸಾಮಾನೇನು?"
ತಿರುವಿದ, ತಟ್ಟಿದ, ಕಂಬಕ್ಕೆ ಕಿವಿಯಿಟ್ಟ.
"ಹೊಟ್ಟ್ಯಾಗ ವೈರ್ ಅದಾವು. ಕಡೀಲೇನು?"
ಕಡಿ ಎಂದೆ.
ಎಂದವಳು ಗೋಡೆಯ ಕ್ಯಾಲೆಂಡರಿನಲ್ಲಿ
ಕಳೆದ ವರ್ಷದ ತಾರೀಖು ಓದುತ್ತ ನಿಂತೆ.

ಒಂದಿದ್ದದ್ದು ಮೂರಾಯಿತು.
ಅಲ್ಯುಮಿನಿಯಂ ಸಿಪ್ಪೆ ಸುರುಳಿ ಸುರುಳಿ ಬಿತ್ತು
ಅವನ ಚಪ್ಪಲಿಯ ಮೇಲೆ.
ಒಂದೊಂದು ತುದಿಗೂ ಮರೆ ಕೊಯ್ದ, ಎರಡು ಸೂತು ಒಳಗೆ,
ವೈರಿಗೆ ನಡುನಡುವೆ ಗಂಟಲು ಇಟ್ಟ.
ಕವಚದ ಬೆನ್ನಿಗೆ ಕಪಾಟಿನ ಕೀಲು ಹಾಕಿ ಮಡಚಿದ.
ಎದೆಯ ಪಟ್ಟಿ ಎಷ್ಟು ಬೇಕೆಂದು ಕೇಳದೆ
ನನ್ನ ಕೈಗೇ ಕತ್ತರಿ ಕೊಟ್ಟು ಹೊರಗೆ ಬೀಡಿಗೆ ಹೋದ.

ಬಂದು, ಕಂಬದ ಕೊರಳಿನ ಉಂಗುರ ತಿರುಗಿಸಿ ನೋಡಿ,
"ಇದಕ್ಕೇನಂತಾರ?"
ಗಿಂಬಲ್ ಎಂದೆ.
"ಸಿಂಬಿ ಅನಬಾರದ?
ನಮ್ಮವ್ವನ ತಲೀ ಮ್ಯಾಲ ಇತ್ತು.
ಆಕಿ ನಡೀತಿದ್ಲು, ನೀರು ನಿಂತಿರತಿತ್ತು."

ಬಿಲ್ಲೆ ಆರನ್ನೂ ತಕ್ಕಡಿಗೆ ಹಾಕಿ ನಕ್ಕ.
"ತೂಕ ಯಾಕ ಹೊರತಿ ಊರಿಂದೂರಿಗೆ?
ಎಲ್ಲಾ ಬಿಟ್ಟು ತೂಕ ಸಿಗಲಾರದ ಊರು ಅದನು?"
ತಿರುಪಿನ ಮುಚ್ಚಳದ ಒಂದು ಡಬ್ಬ ಕಂಬದ ಬುಡಕ್ಕೆ ಕೂರಿಸಿದ,
ಖಾಲಿ.
ಹನ್ನೊಂದು ನೂರು ತಗೊಂಡ. ಬಿಲ್ಲೆಗಳನ್ನೂ ಗುಜರಿ ದರಕ್ಕೆ ತಗೊಂಡ.

ಭಾಯಂದರಿನಿಂದ ಬಸ್ಸು, ಉತ್ತನ್ನಿನ ಕಡಲ ದಂಡೆ.
ಬೆನ್ನಿಗೆ ಒಂದೇ ಚೀಲ. ಯಾರೂ ಏನೂ ಕೇಳಲಿಲ್ಲ,
ಅದೇ ಒಂದು ಥರ ಬೇಜಾರು.
ಬಿದಿರಿನ ಸಾಲಿನಲ್ಲಿ ಬೊಂಬಿಲ್ ಒಣಗುತ್ತಿದ್ದವು,
ಬಾಯಿಗೆ ಬಾಯಿ ಸಿಕ್ಕಿಸಿ ಜೋಡಿ ಜೋಡಿ.
ಡಬ್ಬಕ್ಕೆ ಮರಳು ತುಂಬಿದೆ.
ಕಂಬವನ್ನು ಅಡ್ಡ ಹಿಡಿದು ಬಿಟ್ಟರೆ
ನೆಟ್ಟಗಾಗಲು ಎರಡು ಎಣಿಕೆ ಬೇಕು;
ಒಂದು ಎನ್ನುವಷ್ಟರಲ್ಲೇ ಬಿತ್ತು.
ಹಸಿ ಮರಳು. ಎರಡು ಹಿಡಿ ತೆಗೆದೆ, ಮತ್ತೆ ಅರ್ಧ ಹಿಡಿ.
ಒಂದು, ಎರಡು.

ನಡೆದೆ.
ಮೀನಿನ ಸಾಲುಗಳು ಎರಡೂ ಕಡೆ ಸರಿದವು,
ಕಾಲ ಕೆಳಗೆ ಬಲೆ, ಗುಂಡಿ, ನಾಯಿಯ ಬಾಲ;
ಪರದೆಯಲ್ಲಿ ಯಾವುದರ ಸುಳಿವೂ ಇಲ್ಲ.
ಬರೀ ಎರಡನೇ ಕೀಲಿನಲ್ಲಿ ಒಂದು ಕೂದಲೆಳೆ ನಡುಕ.
ನಿರ್ದೇಶಕನಿಗೆ ಕಾಣಲಿಲ್ಲ.
ರಾತ್ರಿ ಅದನ್ನೇ ಏಳು ಸಲ ನೋಡಿದೆ.

ಮರುದಿನ ಹೆಂಗಸರ ಡಬ್ಬಿಗೆ ಹೋಗಬಹುದಿತ್ತು.
ಅಭ್ಯಾಸಬಲ, ಲಗೇಜು ಡಬ್ಬಿಯನ್ನೇ ಹತ್ತಿದೆ.
"ಸುಟ್ಟೆಯಾ ಕಡೆಗೂ?"
ಚೀಲ ತೋರಿಸಿದೆ.
ಧುರ್ಪದಾಬಾಯಿ ಒಂದು ಕೈಯಲ್ಲಿ ಎತ್ತಿ ನೋಡಿದಳು,
ಪಾಪ್ಲೆಟ್ಟಿನ ಕಿವಿರು ನೋಡುವ ಹಾಗೆ ಜಿಪ್ಪು ಸರಿಸಿದಳು.
ಡಬ್ಬದಲ್ಲಿ ಉತ್ತನ್ನಿನ ಮರಳು ಹಾಗೇ ಇತ್ತು, ಚೆಲ್ಲಲು ಮರೆತಿದ್ದೆ.
"ಕೇಳು ನಿನ್ನ ಮಾಮಾನ್ನ,
ನನ್ನ ಬುಟ್ಟೀನೂ ಹೀಗೆ ಮಡಚೋಕೆ ಬರುತ್ತಾ ಅಂತ."

ಅಂಧೇರಿ ಬಂತು.
ಹಳೇ ಸೀರೆಯ ತುಂಡು ಸುತ್ತಿ ತಲೆಗಿಟ್ಟಳು,
ಅವಳ ಮಾತಿನಲ್ಲಿ ಅದು ಚುಂಬಳ.
ಬುಟ್ಟಿಗೆ ನಾನೊಂದು ಕೈ ಹಚ್ಚಿದೆ.
ಅವಳು ನಡೆದಳು, ಮೆಟ್ಟಿಲು ಹತ್ತಿದಳು.
ಬುಟ್ಟಿ ಅಲುಗಲಿಲ್ಲ.
ಐಸು ಕರಗಿದ ನೀರು ಮಾತ್ರ
ಅವಳ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು.