ಡೈನಮೊ

ತೊರವಿ ದಾಟೂತನಕ ನಾನು ಹುಲಿ ಆಗಿದ್ದೆ.
ಐವತ್ತೊಂದರ ಮೊಳಕಾಲು ಚಕಾರ ಎತ್ತಲಿಲ್ಲ,
ತೇಕು ಹತ್ತಲಿಲ್ಲ,
ಎದುರು ಬಂದ ಟೆಂಪೊದ ಹುಡುಗ ಹಣಿಕಿ ನೋಡಿದ.
ನಾನೂ ನೋಡಿದೆ, ಗೆದ್ದವರು ನೋಡೂವಂಗ.

ಸೈಕಲ್ ಹಳೇದು. ದಸ್ತಗೀರ ತನ್ನ ಅಂಗಡ್ಯಾಗ
ಸರಪಳಿಗೆ ಎಣ್ಣಿ ಬಿಟ್ಟು, ಬ್ರೇಕ್ ಬಿಗದು,
"ಎಲ್ಲಿಗ್ರಿ ಅಕ್ಕೋರ?" ಅಂದ.
"ಎಲ್ಲಿಗೂ ಇಲ್ಲ."
"ಎಲ್ಲಿಗೂ ಇಲ್ಲಂದ್ರ ಮನ್ಯಾಗ ಇರ್ರಿ, ಇಂಥಾ ಥಂಡ್ಯಾಗ!"
ಅಂದು ಮುಂದಿನ ಗಾಲಿಗೆ ಡೈನಮೊ ಕಟ್ಟಿಕೊಟ್ಟ.
ರೊಕ್ಕ ಮುಟ್ಟಲಿಲ್ಲ. ಮಗಳು ಬೀಜಗಣಿತದಾಗ ಪಾಸಾದದ್ದು
ಅಂವಗ ಇನ್ನೂ ನಂಬಿಕಿ ಬಂದಿಲ್ಲ.

ಬಿಳಿಜ್ವಾಳ ಹೊಲದ ತುಂಬ ಪಡುವಣಕ್ಕ ಬಾಗಿದ್ದು
ಕಣ್ಣಿಗೆ ಬಿದ್ದಿತ್ತು, ತಲಿಗೆ ಹೋಗಿರಲಿಲ್ಲ.
ದ್ರಾಕ್ಷಿ ತೋಟದ ತಂತಿ ಸುಂಯ್ ಅಂತಿದ್ದುವು,
ಶಾಲಿನ ಸೆರಗು ನನಗಿಂತ ಮುಂದ ಓಡತಿತ್ತು.
ಹೊತ್ತು ತಿಕೋಟಾ ಕಡೆ ಇಳೀತಿತ್ತು.
ಬೆನ್ನು ಹತ್ತಿ ಹಿಡಿದೇಬಿಡತೀನಿ ಅನಿಸಿತು, ಒಂದು ಗಳಿಗಿ.

ನಡುದಾರ್ಯಾಗ ಚಾ.
ಬೌರವ್ವ ಬಸಿಯಾಗ ಬಗ್ಗಿಸಿ ಕೊಟ್ಟಳು.
"ಏನಾರ ಕೆಟ್ಟೈತೇನ ಯವ್ವಾ? ಯಾರಿಗಾರ ಫೋನ್ ಹಚ್ಚಲೇನು?"
"ಇಲ್ಲಬೇ, ಸುಮ್ನ ಬಂದೀನಿ."
"ಸುಮ್ನ" ಅಂದಳು, ಕಾಣದ ಊರಿನ ಹಣ್ಣು
ಬಾಯಾಗ ಇಟಗೊಂಡಂಗ.
"ನಾ ಎಂದೂ ಸುಮ್ನ ಎಲ್ಲಿಗೂ ಹೋಗಿಲ್ಲ ನೋಡವಾ."

ತಿರುಗಿದೆ.
ಮೂಡಲ ಗಾಳಿ ಮಾರಿ ಮ್ಯಾಲೆ ಬಾಗಲ ಹಾಕಿತು.

ನನ್ನ ಕಾಲಿಂದು ಅಂದುಕೊಂಡದ್ದೆಲ್ಲಾ ಗಾಳಿದಾಗಿತ್ತು.
ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದಾಕಿ,
ಹೋಗೂವಾಗ ಕೂಡಿಸಿದ್ದನ್ನ ಬರೂವಾಗ ಕಳೀಬೇಕು
ಅನ್ನೂದನ್ನ ಮರತಿದ್ದೆ.

ಕತ್ತಲಾತು. ಡೈನಮೊ ಗಾಲಿಗೆ ಒತ್ತಿದೆ.
ತುಳದಷ್ಟ ಬೆಳಕು, ಅದರ ನ್ಯಾಯ ಅಷ್ಟ.
ಗಾಳಿ ಜೋರಾದರ ನಾ ನಿಧಾನ, ನಾ ನಿಧಾನಾದರ
ದಾರಿ ಹಳದಿ, ಆಮ್ಯಾಲೆ ಕಂದು,
ಆಮ್ಯಾಲೆ ಬರೇ ಸಪ್ಪಳ.
ಬಟ್ಟು ಸೆಟದು ಬ್ರೇಕಿಗೆ ಅಂಟಿದುವು.
ಮೂಗು, ಯಾರದೋ ಮೂಗು.
ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಚಗೊಂಡು ಹಿಂದಿಂದ ಬಂತು.
ಅದರ ಮರಿಗೆ ಬಿದ್ದು ಒಂದು ಫರ್ಲಾಂಗು ತುಳದೆ,
ಅಲ್ಲಿ ಗಾಳೀನ ಇರಲಿಲ್ಲ;
ಬೆಲ್ಲದ ವಾಸನಿ, ಡೀಸೆಲ್ಲಿನ ಕಾವು, ಓಡೂ ಕೋಣಿ.
ಆಮ್ಯಾಲೆ ಅದೂ ಹೋತು.

ಎಲ್ಲೋ ಒಂದು ಕಡೆ ಕಾಲು ಊರಿದೆ.
ಬೆಳಕು ಸತ್ತಿತು. ಬಯಲು ಒಮ್ಮಿಗೇ ದೊಡ್ಡದಾತು.
ಜ್ವಾಳ ಕಾಣಲಿಲ್ಲ, ಬಾಗೂದು ಕೇಳತಿತ್ತು.
ಚಿಕ್ಕಿ ಈಗರೆ ತೊಳದು ಬೋರಲು ಹಾಕಿದಂಗ.
ದೂರ ಶಹರದ ದೀಪ, ಅದರಾಗ ಗುಮ್ಮಟ,
ಯಾವಾಗ ನೋಡಿದರೂ ಅಷ್ಟ ದೂರ.

ಫೋನ್ ನಡುಗಿತು. ತಂಗಿ, ನೀಲಗಂಗಾ.
"ಎಲ್ಲಿದ್ದಿ?"
ಗೊತ್ತಿಲ್ಲ ಅಂದೆ. ಖರೇನೂ ಅದ ಇತ್ತು.
"ಮತ್ತ ನಗಾಕ ಏನಾತು?"
ಗಾಳಿ, ಅಂದೆ.

ಪೆಡಲಿನ ಮ್ಯಾಲೆ ನಿಂತು ತುಳದೆ.
ಮೊದಲ ಕಂದು, ಆಮ್ಯಾಲೆ ಹಳದಿ,
ಆಮ್ಯಾಲೆ ಎರಡು ಮೊಳ ಡಾಂಬರು,
ಅದರ ಮ್ಯಾಲೆ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಒಂದು ಗಳ.

ಇಳದು ಎತ್ತಿಕೊಂಡೆ. ಮತ್ತ ಕತ್ತಲ.
ಹಲ್ಲೀಲೆ ಸುಲದೆ.
ಥಣ್ಣಗಿತ್ತು, ಹಲ್ಲು ಜುಮ್ ಅನ್ನೂವಷ್ಟು.