ಹಂಚಿನ ಅಡಿಬದಿ

ಹಳೇ ಮನೆ ಕೆಡಹುವಾಗ ಮೊದಲು ನನ್ನನ್ನು ಕರೆಯುತ್ತಾರೆ.
ಹಂಚು ಇಳಿಸಿ ಬೆರಳಲ್ಲಿ ತಟ್ಟುತ್ತೇನೆ:
ಟಣ್ ಎಂದರೆ ಹನ್ನೆರಡು ರೂಪಾಯಿ,
ದಬ್ ಎಂದರೆ ಗುಂಡಿ ಮುಚ್ಚಲಿಕ್ಕೆ.
ನಿನ್ನೆ ಜೆಪ್ಪುವಿನಲ್ಲಿ ಒಂದನ್ನು ಮಗುಚಿದೆ,
ಅಡಿಯಲ್ಲಿ ಉಬ್ಬಿದ ಇಂಗ್ಲಿಷಿನಲ್ಲಿ ಊರಿನ ಹೆಸರು.
ಇದು ಮಾರಲಿಕ್ಕಲ್ಲ ಅಂದೆ ಕೆಲಸದವನಿಗೆ.

ಅಜ್ಜ ಎಬನೇಜರ್ ಜತ್ತನ್ನ, ಅವನಪ್ಪನ ಹಾಗೇ,
ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದವ.
ಅಕ್ಷರ ಉಲ್ಟಾ ಕೆತ್ತಬೇಕು,
ಮಣ್ಣು ಅದನ್ನು ನೆಟ್ಟಗೆ ಓದಿಕೊಳ್ಳುತ್ತದೆ, ಅನ್ನುತ್ತಿದ್ದ.
ಯುದ್ಧ ಬಂತು. ಆ ಕೈಗೆ ಸ್ಪ್ಯಾನರ್ ಕೊಟ್ಟರು.
ಹಡಗು ಇಳಿಸಿದ್ದು ಮರಳಿಗೆ,
ಆಸ್ಟ್ರೇಲಿಯದವರ ಹಗುರ ಬಾಂಬರ್ ದಳಕ್ಕೆ.

ಹಗುರ ಎಂದರೆ ಎಷ್ಟು ಅಜ್ಜ?
ನಾಲ್ಕು ಜನ, ಎರಡು ಎಂಜಿನ್,
ಹೊಟ್ಟೆಯಲ್ಲಿ ಇಪ್ಪತ್ತು ಮುಡಿ ಅಕ್ಕಿಯ ತೂಕದ ಬಾಂಬು.
ವಾಪಸು ಬರುವಾಗ ಹಗುರ.
ಅದು ಬಿದ್ದಲ್ಲಿ ಮಾಡು ಯಾವುದರದ್ದಿತ್ತು,
ಕೇಳಿದ್ದರೆ ಎದ್ದು ಹೋಗುತ್ತಿದ್ದನೋ ಏನೋ.

ಕ್ಲೆಮ್ ಎಂಬ ಗನ್ನರ್. ಇಪ್ಪತ್ತರ ಪ್ರಾಯ,
ಬಿಸಿಲಿಗೆ ಮೂಗು ಸುಲಿದವ.
ಒಂದು ಸಂಜೆ ನಿನ್ನ ಊರು ಯಾವುದು ಎಂದ.
ಅಜ್ಜ ಹೇಳಿದ.
ಅವನು ಚಹದ ಮಗ್ ಕೆಳಗಿಟ್ಟ:
ಅದು ಊರಾ?
ಹಂಚು ಮಾಡುವ ಯಾರೋ ಮುದುಕನ ಹೆಸರು ಅಂದುಕೊಂಡಿದ್ದೆ.

ಚಿಕ್ಕವನಿದ್ದಾಗ ಕಾಯಿಲೆ ಅವನಿಗೆ, ಆರು ವಾರ ಜಗಲಿಯ ಮಂಚ.
ಮೇಲೆ ನೋಡಿದರೆ ಸಾಲು ಸಾಲು ಅದೇ ಪದ.
ಓದಲು ಕಲಿತದ್ದೇ ಅದರಲ್ಲಿ,
ಎ ಅಲ್ಲ, ಎಂ ಅವನ ಮೊದಲ ಅಕ್ಷರ.

ಕೊರೆದದ್ದು ನನ್ನಪ್ಪ ಇರಬಹುದು,
ಹೇಳಬೇಕೆಂದರೆ ಅಜ್ಜನಿಗೆ ಅಷ್ಟು ಇಂಗ್ಲಿಷು ಇರಲಿಲ್ಲ.
ನಾಳೆ ಯಾರನ್ನಾದರೂ ಕೇಳಿಕೊಂಡು ಹೇಳಿದರಾಯಿತು.

ದಳದ ಚರಿತ್ರೆ ಪುಸ್ತಕವಾಗಿದೆ.
ಮಾರನೆಯ ದಿನಕ್ಕೆ ಅದರಲ್ಲಿ ಒಂದೂವರೆ ಸಾಲು:
ಹನ್ನೊಂದು ಹೋದವು, ಹತ್ತು ಬಂದವು, ಗುರಿ ನಾಶ.
ಅಜ್ಜನ ನೋಟ್‌ಬುಕ್ಕಿನಲ್ಲಿ ಹೀಗಿದೆ:
ಎಡ ಎಂಜಿನ್ ಪ್ಲಗ್ ಬದಲು.
ಎಣ್ಣೆ ಸೋರಿಕೆ, ಬಿಗಿ ಮಾಡಿದೆ.
ಐದೂಕಾಲಿಗೆ ಹೋಯಿತು.
ಆಮೇಲೆ ಒಂದು ಖಾಲಿ ಗೆರೆ,
ಅದರ ಕೆಳಗೆ ಹೊಸ ವಿಮಾನದ ನಂಬರು.

ಕೊನೆಕೊನೆಗೆ ರಾತ್ರಿ ಎದ್ದು
ಬಚ್ಚಲಿನ ನಳ್ಳಿ ಬಿಗಿ ಮಾಡುತ್ತಿದ್ದ,
ಮಲಗಿ, ಮತ್ತೆ ಎದ್ದು, ಮತ್ತೆ.
ವಾಷರು ಹಾಳು ಎಂದು ಅಜ್ಜಿ ಬೈಯುತ್ತಿದ್ದಳು.

ಈಗ ಹಂಚು ನನ್ನ ಮೇಜಿನ ಮೇಲೆ,
ಫ್ಯಾನಿನ ಗಾಳಿಗೆ ಬಿಲ್ಲು ಹಾರದಂತೆ.
ರೆಸಾರ್ಟಿನವರೊಬ್ಬರು ಎತ್ತಿ ನೋಡಿದರು:
ಇಂಥದ್ದೇ ಎರಡು ಸಾವಿರ ಸಿಗುತ್ತಾ?
ಅಕ್ಷರ ಮೇಲ್ಗಡೆ ಕಾಣುವ ಹಾಗೆ ಹೊದಿಸಬೇಕು.
ಆಗುವುದಿಲ್ಲ ಅಂದೆ,
ಅದು ಮಲಗಿ ಓದುವುದು.