ಇದ್ದ ಹಾಗೇ ಕಳಿಸು

ಮಗಳಿಗೆ ಪರೀಕ್ಷೆ. ಪಪ್ಪಾ, ನಿಮ್ಮ ಪೆಟ್ಟಿಗೆ
ರಾತ್ರಿಯಿಡೀ ಗೊರಗುಡುತ್ತದೆ, ನಾನು ಓದುವುದು ಹೇಗೆ?
ಅಷ್ಟೇನೂ ಜೋರಿಲ್ಲವಲ್ಲ, ಅಂದೆ.
ಅವಳು ತಾಯಿಯ ಮುಖ ನೋಡಿದಳು.

ಚಪ್ಪಲಿಗೂಡಿನ ಮೇಲಿದೆ ನನ್ನ ಸರ್ವರು,
ಬಾಗಿಲು ಮುಚ್ಚಿದ ಸೈಬರ್ ಕೆಫೆಯಿಂದ ಎಂಟುನೂರಕ್ಕೆ ತಂದದ್ದು.
ಅಂಗೈ ಇಟ್ಟೆ. ನಡುಗುತ್ತಿತ್ತು, ಸುಡುತ್ತಿತ್ತು.
ಪರದೆಯಲ್ಲಿ ಪ್ರೊಸೆಸರ್ ತೊಂಬತ್ತೆಂಟು,
ಪಕ್ಕದಲ್ಲಿ ಒಂದೇ ಮಾತು: ಟ್ರಾನ್ಸ್‌ಕೋಡ್.

ಹೊಯ್ಗೆಬಜಾರಿನ ಐಸ್ ಪ್ಲಾಂಟಿನಲ್ಲಿ
ಇಪ್ಪತ್ತಾರು ವರ್ಷದ ಮೆಕ್ಯಾನಿಕ್ ನಾನು.
ನನಗೆ ತಿಳಿದ ಹಾಗೆ ಹೇಳುತ್ತೇನೆ:
ಇಡೀ ಗಡ್ಡೆ ಇದ್ದ ಹಾಗೇ ಗಾಡಿ ಹತ್ತಬಹುದಿತ್ತು.
ಇದು ಅದನ್ನು ಕ್ರಶರಿಗೆ ಹಾಕಿ, ಕರಗಿಸಿ,
ಮತ್ತೆ ಡಬ್ಬಕ್ಕೆ ಹೊಯ್ದು, ಅಷ್ಟೇ ಉದ್ದದ ಗಡ್ಡೆ ಕಟ್ಟುತ್ತದೆ,
ಸೆಕೆಂಡಿಗೆ ಇಪ್ಪತ್ತೈದು.
ಯಾವ ಊರಿಗೆ? ಜಗಲಿಯಿಂದ ಚಾವಡಿಗೆ,
ಹದಿನಾಲ್ಕು ಅಡಿ.
ಕೇಳಿದವರು ಯಾರು ಮಾರಾಯ್ರೆ?

ಟಿವಿಯ ಮೇಲೆ ಸಂಶಯ ಬಂತು. ಆದರೆ ಫೈಲೂ ಹಳತು, ಟಿವಿಯೂ ಹಳತು,
ಒಬ್ಬರಿಗೊಬ್ಬರ ಗುರ್ತ ಉಂಟು.
ಧ್ವನಿಯೋ? ಅದನ್ನು ಬದಲಿಸುವುದು ಒಂದು ಬೂತಾಯಿಯ ಭಾರ,
ಇಷ್ಟು ಬೆವರಬೇಕಾದ್ದಿಲ್ಲ.
ವೈಫೈ ಬೇಡವೆಂದು ತಂತಿ ಎಳೆದೆ,
ಹರಿಣಾಕ್ಷಿ ಅದಕ್ಕೆ ಎಡವಿ ಚಾದ ಗ್ಲಾಸು ಒಡೆಯಿತು.
ಬಿಟ್‌ರೇಟಿನ ಮಿತಿ ತೆಗೆದೆ. ಗುಣಮಟ್ಟ ‘ಮೂಲ’ ಅಂತ ಒತ್ತಿದೆ.
ಗಡ್ಡೆ ಪುಡಿಯಾಗುತ್ತಲೇ ಇತ್ತು.

ಬೆಳಗಿನ ಮೂರೂವರೆ, ಬೋಟಿನವರು ಐಸಿಗೆ ಬರುವ ಮುಂಚೆ,
ಲಾಗ್ ಬಿಚ್ಚಿ ಕೂತೆ. ಏಳುನೂರು ಸಾಲು ದಾಟಿ ಸಿಕ್ಕಿತು:
ಸಬ್‌ಟೈಟಲ್.
ಲೈಬ್ರರಿ ಮುಚ್ಚಿದಾಗ ಕಿಲೋ ಲೆಕ್ಕದಲ್ಲಿ ಕೊಂಡ ಡಿವಿಡಿಗಳು;
ಅವುಗಳ ಅಕ್ಷರ ಅಕ್ಷರವಲ್ಲ, ಅಕ್ಷರದ ಚಿತ್ರ.
ಒಂದೊಂದು ಪಟವನ್ನೂ ಬಿಚ್ಚಿ, ಮೇಲೆ ಅಂಟಿಸಿ,
ಮತ್ತೆ ಹೊಲಿಯಬೇಕು.
ಅದಕ್ಕೇ ಈ ಜ್ವರ.

ಆದರೆ ಅಕ್ಷರ ಯಾರಿಗೆ ಬೇಕಿತ್ತು?
ಹಿಂದಿ ನಮಗೆಲ್ಲ ಬರುತ್ತದೆ. ಮಲಯಾಳ
ದಕ್ಕೆಯಲ್ಲಿ ಬೇಪೂರಿನ ಬೋಟಿನವರಿಂದಲೇ ಕಲಿತದ್ದು,
ಬೈಗುಳ ಸಮೇತ.

ಸೆಟ್ಟಿಂಗಿನಲ್ಲಿ ಬರೆದಿತ್ತು: ಯಾವಾಗಲೂ ತೋರಿಸು.
ಬದಲಿಸಿದ್ದು ಹರಿಣಾಕ್ಷಿಯ ಫೋನು. ಜೂನ್ ಹದಿನೆಂಟು.

ಬೋಟುಗಳೆಲ್ಲ ದಡದಲ್ಲಿ ಮಲಗಿದ ರಜೆ.
ನಾನು ಚಾವಡಿಯಲ್ಲಿ, ಎರಡು ನಿಮಿಷಕ್ಕೊಮ್ಮೆ,
ದಾದ ಪಂಡೆ ಆಯೆ? ಏನಂದ ಅವ?
ಅವಳು ಹೇಳುವಳು, ಮತ್ತೆ ಹೇಳುವಳು,
ಅಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು.
ಆಮೇಲೊಂದು ದಿನ ನಾನು ಕೇಳುವುದು ನಿಂತಿತು.
ಟಿವಿ ಸರಿಯಾಯಿತು ಅಂದುಕೊಂಡಿದ್ದೆ.

ಆರಿಸಿ ನೋಡಿದೆ. ಪ್ರೊಸೆಸರ್ ನಾಲ್ಕಕ್ಕೆ ಇಳಿಯಿತು.
ಪೆಟ್ಟಿಗೆಯ ನಡುಕ ಬಿಟ್ಟಿತು.
ತೆರೆಯ ಮೇಲೆ ಇಬ್ಬರು ಗಂಡಸರು ಮೇಜಿನ ಆಚೀಚೆ ಕೂತು
ಬಾಯಿ ಅಲ್ಲಾಡಿಸುತ್ತಿದ್ದರು,
ಗಾಜಿನ ಹಿಂದಿನ ಮೀನಿನ ಹಾಗೆ.
ಪುನಃ ಹಾಕಿದೆ.

ಮತ್ತೆ ನಾಲ್ಕು ಸಂಜೆ ಬೇಕಾಯಿತು.
ಚಿತ್ರದ ಅಕ್ಷರವನ್ನು ಓದಿಸಿ ನಿಜದ ಅಕ್ಷರ ಮಾಡಿಸುವ
ಒಂದು ಪ್ರೋಗ್ರಾಮ್ ಉಂಟು, ಅದಕ್ಕೂ ಕಣ್ಣು ಮಂಜು;
ತಪ್ಪಿದಲ್ಲೆಲ್ಲ ಕೈಯಲ್ಲಿ ತಿದ್ದಿದೆ.
ಇಡೀ ಸಿನಿಮಾದ ಮಾತು ಕೊನೆಗೆ ಒಂದು ಫೋಟೋದಷ್ಟೂ ತೂಗಲಿಲ್ಲ.
ಟಿವಿ ತಾನೇ ಓದಿಕೊಂಡಿತು. ಚಿತ್ರ ಇದ್ದ ಹಾಗೇ ಬಂತು.

ಸದ್ದು ನಿಂತಿತಲ್ಲ, ಅಂದಳು ಹರಿಣಾಕ್ಷಿ.
ಅವಳ ತುಟಿ ನೋಡಿ,
ಹೂಂ, ಅಂದೆ.

ಮರುದಿನ ಪ್ಲಾಂಟಿನಲ್ಲಿ, ಕ್ರಶರಿನ ಬಾಯಿಗೆ ಗಡ್ಡೆ ನೂಕುವ
ಜಾರ್ಖಂಡಿನ ಹುಡುಗ ಬುಧರಾಮನಿಗೆ
ಹಂಪನಕಟ್ಟೆಯಿಂದ ತಂದ ಕಿವಿಮುಚ್ಚಿ ಕೊಟ್ಟೆ.
ಹಾಕಿಕೊಂಡ. ಏನೋ ಹೇಳಿ ನಕ್ಕ.
ಏನೆಂದು ಕೇಳಲಿಲ್ಲ.